ದುಡ್ಡು ಕೊಟ್ಟರೆ ಹಾಳು ಮಾಡುತ್ತಾರಾ?

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಒಂದು ಹಳ್ಳಿಯ ಬಡ ಕುಟುಂಬಗಳಿಗೆ ನೆರವಾಗಬೇಕು ಅಂದುಕೊಂಡಿದ್ದೇವೆ. ದವಸ, ಬಟ್ಟೆ, ಹೊಲಿಗೆ ಯಂತ್ರ ಕೊಡೋಣ ಅಂತ ಅರ್ಧ ಜನ. ನೇರವಾಗಿ ದುಡ್ಡೇ ಕೊಡೋಣ ಅಂತ ಉಳಿದವರು. ಆದರೆ ದುಡ್ಡು ಕುಡಿತಕ್ಕೆ ಹೋಗಬಹುದು, ದುಡಿಯುವುದನ್ನೇ ಬಿಡಬಹುದು ಅನ್ನುವ ಭಯ ಎಲ್ಲರಿಗೂ ಇದೆ. ಒಂದೇ ಸಲ ಕೊಡಬೇಕಾ, ತಿಂಗಳಿಗಿಷ್ಟು ಅಂತ ಕೊಡಬೇಕಾ ಅನ್ನುವುದೂ ಗೊತ್ತಾಗುತ್ತಿಲ್ಲ. ದಯವಿಟ್ಟು ತಿಳಿಸಿ.

ಉತ್ತರ: ಮೊದಲು ನಿಮ್ಮ ಭಯದ ವಿಷಯಕ್ಕೆ ಬರುತ್ತೇನೆ. ಲ್ಯಾಟಿನ್ ಅಮೆರಿಕ, ಆಫ್ರಿಕಾ, ಏಷ್ಯಾದಲ್ಲಿ ನಡೆದ ಅಧ್ಯಯನಗಳನ್ನು ವಿಶ್ವಬ್ಯಾಂಕಿನ ಸಂಶೋಧಕರು 2014ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ನಗದು ಸಿಕ್ಕ ಮನೆಗಳಲ್ಲಿ ಮದ್ಯ, ತಂಬಾಕಿನ ಖರ್ಚು ಏರಿರಲಿಲ್ಲ. ಎಷ್ಟೋ ಕಡೆ ಇಳಿದಿತ್ತು. ಕೆಲಸ ಬಿಡುತ್ತಾರೆ ಅನ್ನುವುದನ್ನೂ ಪರೀಕ್ಷಿಸಿದ್ದಾರೆ. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು 6 ದೇಶಗಳ 7 ಯೋಜನೆಗಳ ಲೆಕ್ಕ ತೆಗೆದು ನೋಡಿದಾಗ, ಜನ ದುಡಿಮೆ ಕಡಿಮೆ ಮಾಡಿದ್ದಕ್ಕೆ ಗಟ್ಟಿಯಾದ ಆಧಾರ ಸಿಗಲಿಲ್ಲ.

ಹಾಗಾದರೆ 'ಸೋಮಾರಿಗಳಾದರು' ಅನ್ನುವ ಮಾತು ಎಲ್ಲಿಂದ ಬರುತ್ತದೆ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳ್ಳಿಯ ಬಡ ಮನೆಗೆ ಆದಾಯ ಕಡಿಮೆ ಅನ್ನುವುದು ಎಲ್ಲರಿಗೂ ಕಾಣುತ್ತದೆ. ಅದು ಬೇಕಾದ ಹೊತ್ತಿಗೆ ಬರುವುದಿಲ್ಲ ಅನ್ನುವುದು ಅಷ್ಟು ಬೇಗ ಕಾಣುವುದಿಲ್ಲ. ಸುಗ್ಗಿ ಮುಗಿದ ಕೂಡಲೇ ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಾನೆ. ಆಗ ಕಾಳಿನ ಬೆಲೆ ನೆಲ ಕಚ್ಚಿರುತ್ತದೆ, ಆದರೂ ಮಾರಲೇಬೇಕು. ಮುಂದಿನ ಬೆಳೆ ಬರುವ ಮೊದಲು ಮನೆಯ ದಾಸ್ತಾನು ಖಾಲಿ. ಅದೇ ಕಾಳನ್ನು ಈಗ ಜಾಸ್ತಿ ಬೆಲೆ ಕೊಟ್ಟು ತರಬೇಕು. ಅದಕ್ಕೆ ಕಾಸು ಬೇಕಲ್ವಾ? ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. ತಮ್ಮ ಹೊಲದಲ್ಲಿ ಕಳೆ ಕೀಳಬೇಕಾದ ಸಮಯವೂ ಅದೇ. ಕಳೆ ಬೆಳೆಯುತ್ತದೆ, ಇಳುವರಿ ಇಳಿಯುತ್ತದೆ, ಮುಂದಿನ ವರ್ಷಕ್ಕೆ ಮತ್ತೆ ಸಾಲ.

ಈ ಸುತ್ತಿನ ನಡುವೆ ತಿಂಗಳಿಗೆ ಸ್ವಲ್ಪ ದುಡ್ಡು ಬಂದರೂ ಆ ಮನೆಯವರು ಕಾಳಿಗೆ ಒಳ್ಳೆ ಬೆಲೆ ಬರುವವರೆಗೆ ಕಾಯಬಲ್ಲರು. ಮೊದಲ ದೊಡ್ಡ ಬದಲಾವಣೆ ಅದೇ ಅಂತ ನನ್ನ ಅನಿಸಿಕೆ. ಝಾಂಬಿಯಾದಲ್ಲಿ 2010ರಿಂದ ಪುಟ್ಟ ಮಕ್ಕಳಿರುವ ಬಡ ಮನೆಗಳಿಗೆ ನಗದು ಕೊಡುವ ಯೋಜನೆ ನಡೆಯಿತು. ಆ ಮನೆಯವರು ಪರರ ಹೊಲದ ಕೂಲಿ ಕಡಿಮೆ ಮಾಡಿದರು, ತಮ್ಮ ಹೊಲಕ್ಕೆ ಜಾಸ್ತಿ ಹೊತ್ತು ಕೊಟ್ಟರು. ಬೀಜ, ಗೊಬ್ಬರ ಕೊಂಡರು, ಕೋಳಿ, ಮೇಕೆ ಸಾಕಿದರು. ಕಡಿಮೆ ಕೂಲಿಗೆ ಕರೆದಾಗಲೆಲ್ಲ ಬರುತ್ತಿದ್ದವರು ಹೀಗೆ ಬರುವುದು ನಿಲ್ಲಿಸಿದರೆ, ಕರೆಯುತ್ತಿದ್ದವರಿಗೆ ಅದು ಸೋಮಾರಿತನ ಅನ್ನಿಸುವುದು ಸಹಜ. ನಿಮ್ಮ ಹಳ್ಳಿಯಲ್ಲೂ ಈ ದೂರು ಬರಬಹುದು. ಬಂದರೆ ಯಾರು ಹೇಳುತ್ತಿದ್ದಾರೆ ಅಂತ ಮೊದಲು ನೋಡಿ.

ಒಂದೇ ಸಲವೋ, ತಿಂಗಳಿಗಿಷ್ಟೋ? ಕೀನ್ಯಾದ ರರೀಡಾ ಎಂಬಲ್ಲಿ ಇದನ್ನೇ ಹೋಲಿಸಿ ನೋಡಿದ್ದಾರೆ. ತಿಂಗಳಿಗೆ ಪಡೆದವರ ಮನೆಯಲ್ಲಿ ಊಟ ಸುಧಾರಿಸಿತು. ಇಡುಗಂಟು ಪಡೆದವರು ಬಾಳಿಕೆ ಬರುವ ವಸ್ತುಗಳಿಗೆ ಹಾಕಿದರು, ಅದರಲ್ಲೂ ತಗಡಿನ ಮಾಡಿಗೆ. ಹುಲ್ಲಿನ ಮಾಡು ಇದ್ದರೆ ಆಗಾಗ ಹುಲ್ಲು ತರಬೇಕು, ಹೊದಿಸಬೇಕು, ಆದರೂ ಮಳೆಗೆ ಸೋರುತ್ತದೆ. ಕೂಡಿಟ್ಟ ಕಾಳು ನೆನೆಯುತ್ತದೆ, ಮಕ್ಕಳಿಗೆ ನಿದ್ದೆ ಇಲ್ಲ. ಒಮ್ಮೆ ತಗಡು ಹಾಕಿದರೆ ಆ ಖರ್ಚು ಎಷ್ಟೋ ವರ್ಷ ನಿಲ್ಲುತ್ತದೆ. ಆದರೆ ಚಿಲ್ಲರೆ ದುಡ್ಡು ಉಳಿಸಿ ಉಳಿಸಿ ತಗಡು ಕೊಳ್ಳುವುದು ಆ ಮನೆಗಳಿಗೆ ತುಂಬಾ ಕಷ್ಟ, ಯಾಕೆಂದರೆ ಪ್ರತಿ ವಾರವೂ ಏನಾದರೊಂದು ತುರ್ತು ಇದ್ದೇ ಇರುತ್ತದೆ. ಹಾಗಾಗಿ ಯಾವುದು ಬೇಕು ಅಂತ ಆ ಕುಟುಂಬಗಳನ್ನೇ ಕೇಳಿ.

ಹೊಲಿಗೆ ಯಂತ್ರದ ಬಗ್ಗೆ ನೇರವಾಗಿ ಹೇಳುತ್ತೇನೆ: ಬೇಡ. ಹೊಲಿಗೆ ಬರುವವರು ತಾವೇ ಕೇಳಿದರೆ ಮಾತ್ರ ಕೊಡಿ. ಉಳಿದವರ ಮನೆಯಲ್ಲಿ ಅದು ಸುಮ್ನೆ ಮೂಲೆಗೆ ಬೀಳುತ್ತದೆ, ಇಲ್ಲವೇ ಅರ್ಧ ಬೆಲೆಗೆ ಮಾರಾಟವಾಗುತ್ತದೆ.

ದವಸದ ಮಾತು ಬೇರೆ. ಅಂಗಡಿ ತುಂಬಾ ದೂರವಿದ್ದು, ಸಾಮಾನು ಸರಿಯಾಗಿ ಬಾರದ ಊರಾದರೆ ನಗದು ಒಂದರಿಂದಲೇ ಸಾಲದು. ಫಿಲಿಪ್ಪೀನ್ಸ್‌ನಲ್ಲಿ ಬಹುಪಾಲು ಮನೆಗಳಿಗೆ ನಗದು ಸಿಕ್ಕ ದೂರದ ಹಳ್ಳಿಗಳಲ್ಲಿ ಮೊಟ್ಟೆಯಂಥ ಆಹಾರದ ಬೆಲೆ ಏರಿತು. ನಗದು ಸಿಗದ ಮನೆಗಳ ಮಕ್ಕಳ ಬೆಳವಣಿಗೆಗೆ ಅದರಿಂದ ಪೆಟ್ಟು ಬಿತ್ತು. ಈ ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಪೇಟೆಗೆ ಹತ್ತಿರದ ಊರುಗಳಲ್ಲಿ ಹೀಗಾಗಬೇಕೆಂದಿಲ್ಲ. ಕೀನ್ಯಾದ ಸಿಯಾಯಾ ಪ್ರದೇಶದಲ್ಲಿ 10,000ಕ್ಕೂ ಹೆಚ್ಚು ಕುಟುಂಬಗಳಿಗೆ ಸುಮಾರು 1,000 ಡಾಲರ್‌ನಂತೆ ಕೊಟ್ಟಾಗ ಬೆಲೆ ಏರಿದ್ದು ತೀರಾ ಅಲ್ಪ. ದುಡ್ಡು ಸಿಗದ ನೆರೆಯವರಿಗೂ ವ್ಯಾಪಾರ, ಕೂಲಿ ಹೆಚ್ಚಿತು. ಕೊಟ್ಟ ಒಂದೊಂದು ಡಾಲರಿಗೆ ಆ ಭಾಗದ ಆರ್ಥಿಕತೆ ಸುಮಾರು 2.5 ಡಾಲರ್‌ನಷ್ಟು ಬೆಳೆಯಿತು. ನಿಮ್ಮ ಹಳ್ಳಿ ಇವೆರಡರಲ್ಲಿ ಯಾವುದಕ್ಕೆ ಹತ್ತಿರ ಅಂತ ಯೋಚಿಸಿ.

ನೀವು ಕೇಳದ ಒಂದು ಪ್ರಶ್ನೆ: ಮಕ್ಕಳನ್ನು ಶಾಲೆಗೆ ಕಳಿಸಿದರೆ ಮಾತ್ರ ದುಡ್ಡು ಅಂತ ಷರತ್ತು ಹಾಕಬೇಕಾ? ಮಲಾವಿಯ ಝೋಂಬಾದಲ್ಲಿ ಷರತ್ತು ಹಾಕಿದ ಕಡೆ ಹಾಜರಾತಿ ಚೆನ್ನಾಗಿತ್ತು. ಆದರೆ ಷರತ್ತಿಲ್ಲದೆ ಕೊಟ್ಟ ಕಡೆ, ಶಾಲೆ ಬಿಟ್ಟ ಹುಡುಗಿಯರಿಗೂ ದುಡ್ಡು ಬರುತ್ತಲೇ ಇದ್ದುದರಿಂದ ಎಳೆಯ ವಯಸ್ಸಿನ ಮದುವೆ, ಬಸಿರು ಕಡಿಮೆಯಾದವು. ನಾನಾದರೆ ಷರತ್ತು ಹಾಕುವುದಿಲ್ಲ. ಶಾಲೆ ಬಿಟ್ಟ ಹುಡುಗಿಗೇ ಆಸರೆ ಜಾಸ್ತಿ ಬೇಕು.

ಇನ್ನು ಮುಖ್ಯವಾದದ್ದು ದಿನಾಂಕ. ಎಷ್ಟು ದುಡ್ಡು, ಯಾವ ದಿನ, ಎಷ್ಟು ತಿಂಗಳು ಅಂತ ಮೊದಲೇ ಹೇಳಿ, ಹೇಳಿದ ದಿನ ತಪ್ಪಿಸಬೇಡಿ. ಒಂದು ಕಂತು ತಡವಾದರೂ ಆ ಮನೆ ಮತ್ತೆ ಬಡ್ಡಿ ಸಾಲಕ್ಕೆ ಕೈ ಚಾಚಬೇಕಾಗುತ್ತದೆ. ಕೊನೆಯ ಕಂತನ್ನು ದಾಸ್ತಾನು ಖಾಲಿಯಾಗುವ ತಿಂಗಳಿಗೆ ಇಡಬೇಡಿ, ಸುಗ್ಗಿ ಮುಗಿದ ಮೇಲೆ ಬರುವಂತೆ ಲೆಕ್ಕ ಹಾಕಿ.