ಎರಡು ಜಡೆಯ ಗೆಳತಿ

ಇದು ನನ್ನ ಬಳಿ ಸಲಹೆಗೆ ಬಂದ, ಕೋಲಾರದ ಒಂದು ಮನೆಯ ಪ್ರಕರಣ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮಗುವನ್ನು ಪುಟ್ಟಿ ಎನ್ನೋಣ. ವಯಸ್ಸು ಎಂಟು. ಅಪ್ಪನಿಗೆ ಟೊಮೆಟೊ ಮಂಡಿಯಲ್ಲಿ ಕೆಲಸ, ಅಮ್ಮನಿಗೆ ಮನೆಯಲ್ಲೇ ಹೊಲಿಗೆ.

ಪುಟ್ಟಿ ಅಮ್ಮನ ಮೊಬೈಲಿನಲ್ಲಿ ಒಂದು ಆನ್‌ಲೈನ್ ಗೇಮ್ ಆಡುತ್ತಿದ್ದಳು. ಅದರಲ್ಲಿ ಮೊದಲು ನಮ್ಮದೇ ಒಂದು ಅವತಾರ್, ಅಂದರೆ ಆಟದೊಳಗೆ ನಮ್ಮ ಬದಲು ಓಡಾಡುವ ಗೊಂಬೆ, ಮಾಡಿಕೊಳ್ಳಬೇಕು. ಕೂದಲು, ಬಟ್ಟೆ, ಬಣ್ಣ ಎಲ್ಲ ನಮ್ಮಿಷ್ಟ. ಅಲ್ಲಿ ಸಿಕ್ಕ ಒಬ್ಬ 'ಗೆಳತಿ' ಪುಟ್ಟಿಯ ಅವತಾರ್‌ಗೆ ಚಿನ್ನದ ರೆಕ್ಕೆ ಕೊಡಿಸಿದ್ದಳು. ಆಮೇಲೆ 'ನಿನ್ನ ನಿಜವಾದ ಫೋಟೋ ಕಳಿಸು, ಅಮ್ಮಂಗೆ ಹೇಳ್ಬೇಡ' ಎಂದು ಬರೆದಿದ್ದಳು. ಅಮ್ಮ ಅದನ್ನು ನೋಡಿ ಹೌಹಾರಿ, ನಾಲ್ಕು ಏಟು ಕೊಟ್ಟು, ಗೇಮನ್ನೇ ತೆಗೆದುಹಾಕಿದರು. "ಅವತ್ತಿಂದ ಸರಿಯಾಗಿ ಊಟಾನೂ ಇಲ್ಲ, ಮಾತೂ ಇಲ್ಲ ಮೇಡಂ" ಎಂದರು.

ಪುಟ್ಟಿಯ ಕೈಗೆ ಕ್ರೇಯಾನ್ ಕೊಟ್ಟು ಅವಳ ಅವತಾರ್ ಬರೆಯಲು ಹೇಳಿದೆ. ನೀಲಿ ಸ್ಕರ್ಟು, ಬಿಳಿ ಶರ್ಟು, ಕೆಂಪು ಟೈ. ಅವಳ ಶಾಲೆಯ ಯೂನಿಫಾರಂ! ಕೆಳಗೆ ಬರೆದ ಅವತಾರ್‌ನ ಹೆಸರಿನಲ್ಲಿ ಅವಳ ಹೆಸರು, ಊರು, ಹುಟ್ಟಿದ ವರ್ಷ ಮೂರೂ ಇದ್ದವು. ಆ ಗೆಳತಿ ಯಾರು ಎಂದು ಕೇಳಿದೆ. "ಅವಳೂ ನನ್ನಷ್ಟೇ ಇದ್ದಾಳೆ ಆಂಟಿ. ಎರಡು ಜಡೆ ಇದೆ" ಎಂದಳು.

ಇಲ್ಲೇ ಇರುವುದು ವಿಷಯ. ಈ ವಯಸ್ಸಿನ ಎಷ್ಟೋ ಮಕ್ಕಳಿಗೆ ಇಂಥ ಕಡೆ ಕಣ್ಣಿಗೆ ಕಂಡದ್ದೇ ನಿಜ. 'ಅಪರಿಚಿತರ ಜೊತೆ ಮಾತಾಡಬೇಡ' ಎಂದರೆ ಪುಟ್ಟಿಗೆ ಅರ್ಥವಾಗುವುದಿಲ್ಲ. ಎರಡು ಜಡೆಯ ಹುಡುಗಿ ಅವಳ ಲೆಕ್ಕದಲ್ಲಿ ಅಪರಿಚಿತಳೇ ಅಲ್ಲ, ಅಲ್ವಾ?

ಮುಂದಿನ ಸಲ ಅಪ್ಪನನ್ನೂ ಕರೆಸಿದೆ. ಗೇಮ್ ಮತ್ತೆ ಹಾಕಿಸಿ, ಮಗಳ ಎದುರಿಗೇ ಅವರದೊಂದು ಅವತಾರ್ ಮಾಡಿ ಎಂದೆ. ದಪ್ಪ ಮೀಸೆಯ ಅಪ್ಪ ಒಂದೊಂದೇ ಒತ್ತುತ್ತಾ ಗುಲಾಬಿ ಫ್ರಾಕಿನ, ಎರಡು ಜಡೆಯ ಹುಡುಗಿಯಾದರು. ಪುಟ್ಟಿ ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಂತಿತು. "ಅಪ್ಪಾ, ಹಂಗಾದ್ರೆ ಅವಳೂ ದೊಡ್ಡೋಳಿರಬಹುದಾ?" ನಾನು ಎಷ್ಟು ಹೇಳಿದ್ದರೂ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಚಿಕ್ಕ ಮಕ್ಕಳಿರುವ ಪ್ರತಿ ಮನೆಯಲ್ಲೂ ಒಮ್ಮೆ ಇದನ್ನು ಮಾಡಿ ತೋರಿಸಿ.

ಗೇಮ್ ತೆಗೆದರೂ ಅಕೌಂಟ್ ಹಾಗೇ ಉಳಿದಿತ್ತು. ಆ ಮಾತುಕತೆಯೂ ಅಲ್ಲೇ ಇತ್ತು. ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆಸಿದೆ. ಆಮೇಲೆ ಆ 'ಗೆಳತಿ'ಯನ್ನು ರಿಪೋರ್ಟ್ ಮಾಡಿಸಿ, ಬ್ಲಾಕ್ ಮಾಡಿಸಿದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಪ್ಪ ದೂರು ಕೊಟ್ಟರು. ಇಂಥ ಹೊತ್ತಿನಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಕೆಟ್ಟ ಚಿತ್ರ ಕೇಳಿದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆ ಇದೆ.

ಅಕೌಂಟ್‌ನಲ್ಲಿ ಅಮ್ಮನ ಹುಟ್ಟಿದ ವರ್ಷ ಇತ್ತು. ಬೇಗ ಮುಗಿಯಲಿ ಎಂದು ಸುಮ್ನೆ ಹಾಕಿದ್ದಂತೆ. ಇದು ತುಂಬಾ ಮನೆಗಳಲ್ಲಿ ಆಗುತ್ತದೆ. ಆದರೆ ಎಷ್ಟೋ ಗೇಮಿನವರು ಚಾಟ್‌ಗೆ ಕಡಿವಾಣ ಹಾಕುವುದು ನಾವು ಕೊಟ್ಟ ವಯಸ್ಸು ನೋಡಿ. ಅಲ್ಲಿ ದೊಡ್ಡವರ ವಯಸ್ಸು ಕೊಟ್ಟರೆ ಮಗುವಿಗೆ ಇರುವ ರಕ್ಷಣೆಯೂ ಹೋಗುತ್ತದೆ. ಹಾಗಾಗಿ ನಿಜವಾದ ವಯಸ್ಸು ಹಾಕಿ ಹೊಸ ಅಕೌಂಟ್ ಮಾಡಿಸಿದೆ, ಚಾಟ್ ಬಂದ್ ಮಾಡಿಸಿದೆ. ಹೊಸ ಅವತಾರ್ ಅನ್ನು ಮೂವರೂ ಸೇರಿ ಮಾಡಿದರು: ಹಸಿರು ಬಣ್ಣದ ಆನೆಮರಿ. ಅದರ ಹೆಸರಿನಲ್ಲಿ ಪುಟ್ಟಿಯ ಹೆಸರಿಲ್ಲ, ಊರಿಲ್ಲ, ಶಾಲೆಯಿಲ್ಲ.

ಅಮ್ಮನಿಗೆ ಬೇರೆಯಾಗಿ ಒಂದು ಮಾತು ಹೇಳಿದೆ. ಇಂಥದ್ದು ಗೊತ್ತಾದಾಗ ಏಟು ಬಿದ್ದರೆ, ಮುಂದಿನ ಸಲ ಮಗು ಹೇಳುವುದೇ ಇಲ್ಲ. 'ಅಮ್ಮಂಗೆ ಹೇಳ್ಬೇಡ' ಎಂದವರ ಕೆಲಸ ನಾವೇ ಮಾಡಿಕೊಟ್ಟ ಹಾಗೆ. "ಗುಟ್ಟು ಇಟ್ಕೋ ಅಂದ್ರೆ, ಫೋಟೋ ಕೇಳಿದ್ರೆ, ಫ್ರೀಯಾಗಿ ಏನಾದ್ರೂ ಕೊಟ್ರೆ ನಂಗೆ ಹೇಳು, ಬೈಯಲ್ಲ" ಎಂದು ಆಗಾಗ ಹೇಳಿ, ಆ ಮಾತು ಉಳಿಸಿಕೊಳ್ಳಿ ಎಂದೆ.

ಆಟಕ್ಕೆ ಈಗ ಸಂಜೆ ಅರ್ಧ ಗಂಟೆ, ಹಾಲ್‌ನಲ್ಲಿ, ಹೊಲಿಗೆ ಮಿಷನ್ ಪಕ್ಕದಲ್ಲೇ. ಹೋದ ವಾರ ಯಾರೋ ಅವತಾರ್‌ಗೆ ಟೋಪಿಯ ಗಿಫ್ಟ್ ಕಳಿಸಿದಾಗ ಪುಟ್ಟಿ ಮೊಬೈಲನ್ನು ಸೀದಾ ಅಮ್ಮನ ಕೈಗೆ ಕೊಟ್ಟಳಂತೆ. ಇಬ್ಬರೂ ಸೇರಿ ಬೇಡ ಎಂದು ಒತ್ತಿದರು.