ಒಂದು ‘ತರುವಾಯ’ ನುಂಗಿದ 15 ಲಕ್ಷ ವರ್ಷಗಳು

ನಮಸ್ಕಾರ.

ನಿಮ್ಮ ‘ಕಲ್ಲಿನಿಂದ ಕಂಪ್ಯೂಟರಿನವರೆಗೆ’ ಲೇಖನವನ್ನು ಎರಡು ಸಲ ಓದಿದೆ. ಹದಿನಾಲ್ಕು ಪುಟ, ದುಂಡಗಿನ ಕೈಬರಹ, ಕಾಗುಣಿತದ ತಪ್ಪು ಒಂದೂ ಇಲ್ಲ. ಆದರೂ ಪ್ರಕಟಿಸುತ್ತಿಲ್ಲ. ‘ಸ್ಥಳಾಭಾವ’ ಎಂದು ಬರೆದು ಹಿಂದಿರುಗಿಸುವುದು ನಮ್ಮ ಕಸುಬಿನ ಹಳೆಯ ಉಪಾಯ. ಹನ್ನೊಂದನೆಯ ಪುಟದ ಎರಡು ವಾಕ್ಯಗಳಿಂದಾಗಿ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಅವುಗಳ ಮಾತು ಆಮೇಲೆ. ಮೊದಲು ಜಗಳ.

ನಿಮ್ಮ ಲೇಖನದ ನಾಯಕ ‘ಆದಿಮಾನವ’ ಎಂಬ ಒಬ್ಬನೇ ವ್ಯಕ್ತಿ. ಅವನು ಬೆಂಕಿ ಕಂಡುಹಿಡಿಯುತ್ತಾನೆ, ಚಕ್ರ ಮಾಡುತ್ತಾನೆ, ಉಳುತ್ತಾನೆ, ಕಬ್ಬಿಣ ಕರಗಿಸುತ್ತಾನೆ. ಅವನಿಗೆ ಊರಿಲ್ಲ, ಹೆಂಡತಿ ಮಕ್ಕಳಿಲ್ಲ, ಬೆರಳಿಗೆ ಒಂದು ಗಾಯವೂ ಆಗುವುದಿಲ್ಲ. ಮೂರನೆಯ ಪುಟದಲ್ಲಿ ‘ಕೈಗೊಡಲಿಗಳನ್ನು ಮಾಡಿದನು. ತರುವಾಯ ಸೂಕ್ಷ್ಮ ಶಿಲಾ ಉಪಕರಣಗಳನ್ನು ತಯಾರಿಸಿದನು’ ಎಂದಿದ್ದೀರಿ. ಕಾವಿಲ್ಲದೆ ಅಂಗೈಯಲ್ಲೇ ಹಿಡಿದು ಬಳಸುವ ಈ ಕಲ್ಲಿನ ಕೈಗೊಡಲಿ ಆಫ್ರಿಕದಲ್ಲಿ ಕಾಣಿಸಿಕೊಂಡದ್ದು ಸುಮಾರು 17 ಲಕ್ಷ ವರ್ಷಗಳ ಹಿಂದೆ. ಅದೇ ಬಾದಾಮಿ ಆಕಾರ ಹೆಚ್ಚುಕಡಿಮೆ 15 ಲಕ್ಷ ವರ್ಷ ಉಳಿಯಿತು. ನಿಮ್ಮ ‘ತರುವಾಯ’ ಅದಷ್ಟನ್ನೂ ಒಂದೇ ತುತ್ತಿಗೆ ನುಂಗಿಬಿಟ್ಟಿದೆ. ಸಾವಿರಾರು ತಲೆಮಾರುಗಳ ಮಕ್ಕಳು ಹಿರಿಯರ ಕೈ ನೋಡಿ ನೋಡಿ ಅದೇ ಕಲ್ಲನ್ನು ಅದೇ ರೀತಿ ಏಕೆ ಚಕ್ಕೆಯೆಬ್ಬಿಸುತ್ತಿದ್ದರು? ಓದುಗ ಕೇಳುವುದು ಇದನ್ನೇ. ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು ಅಗೆದು ತೋರಿಸಿದ್ದು ಅಂಥವರು ಕುಳಿತು ಕೆಲಸ ಮಾಡಿದ ಜಾಗವನ್ನೇ. ಸುಣ್ಣಕಲ್ಲಿನ ಹಾಸು ತಾನಾಗಿಯೇ ಚಪ್ಪಡಿ ಚಪ್ಪಡಿಯಾಗಿ ಒಡೆದಿದ್ದ ಕಡೆ ಹುಡುಕಿ, ಬೇಕಾದ ದಪ್ಪದ ಚಪ್ಪಡಿಯನ್ನೇ ಅವರು ಆರಿಸಿಕೊಳ್ಳುತ್ತಿದ್ದರು. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಲೆಕ್ಕ ಹಾಕಿದ್ದಾರೆ. ಕಲ್ಲು ಆರಿಸುವವನ ಕಣ್ಣನ್ನು ಬರೆಯಿರಿ, ಒಂದು ಪುಟವಾಗುತ್ತದೆ.

ಎರಡನೆಯ ತಕರಾರು ನಿಮ್ಮ ಮೆಟ್ಟಿಲುಗಳದು: ಶಿಲೆ, ತಾಮ್ರ, ಕಂಚು, ಕಬ್ಬಿಣ. ಕಲ್ಲು, ಕಂಚು, ಕಬ್ಬಿಣ ಎಂಬ ಮೂರು ಯುಗಗಳ ಹಂಚಿಕೆಯನ್ನು ಕೋಪನ್‌ಹೇಗನ್ನಿನಲ್ಲಿ ಥಾಮ್ಸನ್ ಎಂಬಾತ ವಸ್ತುಸಂಗ್ರಹಾಲಯದ ಸಾಮಾನುಗಳನ್ನು ಜೋಡಿಸಲು ಮಾಡಿಕೊಂಡ, 1836ರಲ್ಲಿ ಅಚ್ಚಾಯಿತು. ಡೆನ್ಮಾರ್ಕಿನ ಕಪಾಟಿಗೆ ಅದು ಸರಿಹೋಯಿತು. ನಮ್ಮ ದಕ್ಷಿಣದ ಕಡೆ ಕಂಚಿನ ಯುಗವೆಂದು ಪ್ರತ್ಯೇಕಿಸಿ ತೋರಿಸುವ ಘಟ್ಟವೇ ಇಲ್ಲ. ಅಲ್ಲೊಂದು ಇಲ್ಲೊಂದು ತಾಮ್ರದ ವಸ್ತು ಕಲ್ಲಿನ ಕೊಡಲಿಯ ಜೊತೆಗೇ ಸಿಗುತ್ತದೆ, ಆಮೇಲೆ ಕಬ್ಬಿಣ. ಕಬ್ಬಿಣ ಬಂದ ಮೇಲೆ ಕಲ್ಲು ಹಿಂದೆ ಸರಿಯಿತೇ? ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಸತ್ತವರಿಗಾಗಿ ಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಕಲ್ಲುಮನೆಗಳು ನಿಂತಿವೆಯಲ್ಲ, ಅವು ಕಬ್ಬಿಣ ಬಲ್ಲವರ ಕೆಲಸ. ಅತ್ತ ಈಜಿಪ್ಟಿನಲ್ಲಿ ಕಂಚಿನ ಕಾಲದ ಟುಟಾಂಖಾಮುನ್ ದೊರೆಯ ಗೋರಿಯಲ್ಲಿ ಸಿಕ್ಕ ಒಂದು ಬಾಕು ಉಲ್ಕೆಯ ಕಬ್ಬಿಣದ್ದು. ಮೆಟ್ಟಿಲು ಎಲ್ಲೆಲ್ಲೂ ಬಿರುಕು ಬಿಟ್ಟಿದೆ. ಆ ಬಿರುಕುಗಳನ್ನು ನೀವು ಸುಣ್ಣ ಬಳಿದು ಮುಚ್ಚಿದ್ದೀರಿ.

ಸಣ್ಣ ತಪ್ಪುಗಳು: ಯಾವ ಕಲ್ಲಿಗೆ ಯಾವ ಕಲ್ಲು ಉಜ್ಜಿದರೂ ಬೆಂಕಿ ಹೊತ್ತುವುದಿಲ್ಲ. ಪೈರೈಟಿನಂಥ ಕಬ್ಬಿಣದಂಶದ ಖನಿಜಕ್ಕೆ ಚಕಮಕಿ ಬಡಿಯಬೇಕು, ಇಲ್ಲವೇ ಮರಕ್ಕೆ ಮರ ಕಡೆಯಬೇಕು. ನವಶಿಲಾಯುಗದ ಬಳ್ಳಾರಿಯವರಿಗೆ ನೀವು ರಾಗಿಮುದ್ದೆ ಉಣಿಸಿದ್ದೀರಿ. ಪ್ರೀತಿಯೇನೋ ಸರಿ, ಆದರೆ ರಾಗಿಯ ತವರು ಆಫ್ರಿಕ. ಇಲ್ಲಿನ ಮೊದಲ ಬೇಸಾಯಗಾರರ ನೆಲೆಗಳಲ್ಲಿ ಸುಟ್ಟು ಉಳಿದ ಕಾಳುಗಳು ಹುರುಳಿ, ಹೆಸರು, ಕೊರಲೆ.

ಈಗ ಹನ್ನೊಂದನೆಯ ಪುಟ. ‘ಚಿಕ್ಕಂದಿನಲ್ಲಿ ಅಜ್ಜನ ಜೊತೆ ಸಂಗನಕಲ್ಲಿನ ಗುಡ್ಡಕ್ಕೆ ಕುರಿ ಹೊಡೆದುಕೊಂಡು ಹೋದಾಗ ಬಂಡೆಯ ಮೇಲಿನ ನುಣುಪಾದ ತಗ್ಗುಗಳಲ್ಲಿ ನಿಂತ ಮಳೆನೀರನ್ನು ಮರಿಗಳು ಕುಡಿಯುತ್ತಿದ್ದವು. ದೇವಿ ಅಲ್ಲಿ ಅರಿಸಿನ ಅರೆದಳು ಎನ್ನುತ್ತಿದ್ದ ಅಜ್ಜ.’ ಇಷ್ಟು ಬರೆದು ‘ಇರಲಿ, ವಿಷಯಕ್ಕೆ ಬರೋಣ’ ಎಂದುಬಿಟ್ಟಿದ್ದೀರಿ. ಸ್ವಾಮಿ, ಅದೇ ವಿಷಯ! ಬಳ್ಳಾರಿ ಪಕ್ಕದ ಆ ಸಂಗನಕಲ್ಲಿನ ಹಿರೇಗುಡ್ಡದ ಬಂಡೆಗಳ ನಡುವೆ ಡೋಲರೈಟ್ ಎಂಬ ಗಟ್ಟಿ ಕಲ್ಲಿನ ಕರಿಯ ಪಟ್ಟಿಯೊಂದು ಹಾದುಹೋಗುತ್ತದೆ. ನವಶಿಲಾಯುಗದವರು ಅದರಿಂದ ಕಲ್ಲು ಕಿತ್ತು, ಚಕ್ಕೆಯೆಬ್ಬಿಸಿ, ಕುಟ್ಟಿ ಕುಟ್ಟಿ ಮೈ ಸಮ ಮಾಡಿ, ಕೊನೆಗೆ ಬಂಡೆಗೆ ತೇಯ್ದು ಕೊಡಲಿಯ ಬಾಯಿ ಹರಿತ ಮಾಡುತ್ತಿದ್ದರು. ತೇಯ್ದ ಬಾಯಿ ಮರ ಕಡಿಯುವಾಗ ಬೇಗ ಮುಕ್ಕಾಗುವುದಿಲ್ಲ, ಮೊಂಡಾದರೆ ಮತ್ತೆ ತೇಯಬಹುದು. ಈ ಕೊಡಲಿಗಳ ತಯಾರಿಕೆ ಜೋರಾಗಿ ನಡೆದದ್ದು ಸುಮಾರು ಕ್ರಿ.ಪೂ. 1400ರಿಂದ 1200ರವರೆಗೆ, ಅಂದರೆ ಅತ್ತ ಟುಟಾಂಖಾಮುನ್ ತನ್ನ ಬಾಕುವಿನೊಡನೆ ಮಣ್ಣಾದ ಕಾಲದಲ್ಲೇ. ನಿಮ್ಮ ಅಜ್ಜನ ಕುರಿಮರಿಗಳು ನೀರು ಕುಡಿದದ್ದು ಕೊಡಲಿ ತೇಯ್ದ ಗುಳಿಯಲ್ಲೇ ಇರಬಹುದು.

ಇರಬಹುದು ಎಂದೆ. ಹೋಗಿ ನೋಡಿ. ಉದ್ದಕ್ಕೆ ಕಿರಿದಾಗಿ ದೋಣಿಯಂತಿದ್ದರೆ ಕೊಡಲಿ ತೇಯ್ದದ್ದು, ಅಗಲವಾಗಿದ್ದರೆ ಕಾಳು ಅರೆದದ್ದೂ ಆಗಿರಬಹುದು. ಅಂಗೈಯಿಂದ ಸವರಿ, ಬಂಡೆಯ ಉಳಿದ ಮೈಗೂ ಅದಕ್ಕೂ ಎಷ್ಟು ವ್ಯತ್ಯಾಸವೆಂದು ಬರೆದುಕೊಳ್ಳಿ. ಬಳ್ಳಾರಿಯಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗ್ರಹಾಲಯವಿದೆ. 1863ರಲ್ಲಿ ಮದರಾಸಿನ ಬಳಿ ಪಲ್ಲಾವರಂನಲ್ಲಿ ಕೈಗೊಡಲಿ ಗುರುತಿಸಿದ ಭೂವಿಜ್ಞಾನಿ ಆತ. ಆ ಸಂಗ್ರಹಾಲಯದ ಕೊಡಲಿಗಳಲ್ಲಿ ಅರ್ಧಕ್ಕೇ ನಿಂತವುಗಳ ಎದುರು ಹೆಚ್ಚು ಹೊತ್ತು ನಿಲ್ಲಿ. ಪೂರ್ತಿಯಾದವು ಬರೀ ಹೊಳೆಯುತ್ತವೆ, ಅರ್ಧಕ್ಕೆ ಬಿಟ್ಟವು ಏಟು ಎಲ್ಲಿ ತಪ್ಪಿತೆಂದು ತೋರಿಸುತ್ತವೆ.

ಹೊಸ ಲೇಖನ ಐದು ಪುಟ ಮೀರದಿರಲಿ. ಕಂಪ್ಯೂಟರ್ ಬೇಡ. ಅಜ್ಜನ ಅರಿಸಿನವನ್ನು ಮಾತ್ರ ಮೂಢನಂಬಿಕೆ ಎಂದು ತಿದ್ದಲು ಹೋಗಬೇಡಿ. ಆ ಗುಳಿಗಳು ಯಾರದೋ ಕೈ ಅರೆದು ಆದವು ಎಂಬುದನ್ನಾದರೂ ಅವರು ಸರಿಯಾಗಿಯೇ ಗುರುತಿಸಿದ್ದರು. ಗುಡ್ಡದಲ್ಲಿ ಚಕ್ಕೆಗಳು ಕಾಲಿಗೆ ತೊಡರುತ್ತವೆ, ಒಂದನ್ನೂ ಜೇಬಿಗೆ ಹಾಕಿಕೊಳ್ಳಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು ಕಳಿಸಿ, ಸಾಕು.

ಇಂತು,
ಸಂಪಾದಕ