ಕೊನೆಯ ಗುಂಡಿ ಅವನೇ ಹಾಕಲಿ

ಪ್ರಶ್ನೆ: ತಮ್ಮನಿಗೆ 27 ವರ್ಷ, ಬೌದ್ಧಿಕ ಅಂಗವೈಕಲ್ಯವಿದೆ. ಸ್ನಾನ, ಬಟ್ಟೆ ಎಲ್ಲವನ್ನೂ ಇಂದಿಗೂ ಅಮ್ಮನೇ ಮಾಡಿಸುತ್ತಾರೆ. ಈಗ ಕಲಿಯಬಲ್ಲನೇ?
— ಓದುಗಿ, ಮೂಡಿಗೆರೆ

ಉತ್ತರ: ಖಂಡಿತ ಕಲಿಯುತ್ತಾನಮ್ಮ. ನನ್ನ ತಂಗಿ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿತಾಗ ಅವಳಿಗೆ 31 ವರ್ಷ. ನಾಲ್ಕು ಗುಂಡಿ ನಾನು ಹಾಕಿ, ಕೊನೆಯದನ್ನು ಅವಳಿಗೆ ಬಿಡುತ್ತಿದ್ದೆ. ಅದು ರೂಢಿಯಾದ ಮೇಲೆ ಕೊನೆಯ ಎರಡು. ಕೆಲಸ ಮುಗಿಸಿದ ಖುಷಿ ಪ್ರತಿದಿನವೂ ಅವಳದೇ ಆಗುತ್ತಿತ್ತು. ಹಾಸನದ ನಮ್ಮ ಬಚ್ಚಲಿನಲ್ಲಿ ಹಂಡೆಯ ಬಿಸಿನೀರನ್ನು ಮಾತ್ರ ನಾನೇ ಬೆರೆಸಿಡುತ್ತಿದ್ದೆ, ಸುಟ್ಟೀತೆಂಬ ಭಯ. ಸೋಪು, ಚೊಂಬು, ಟವೆಲ್ಲನ್ನು ಬಳಸುವ ಕ್ರಮದಲ್ಲೇ ಸಾಲಾಗಿ ಇಡಿ. ತಡವಾಯಿತೆಂದು ಅಮ್ಮ ಕೈ ಹಾಕದಿರಲಿ. ಹತ್ತು ಎಣಿಸುವಷ್ಟು ಕಾಯಲಿ. ಕಷ್ಟವೇ ಇದು, ನನಗೂ ಕಣ್ಣೀರು ಬಂದಿದೆ. ಬಚ್ಚಲ ಬಾಗಿಲು ಮುಂದೆ ಮಾಡುವುದನ್ನು ಮರೆಯಬೇಡಿ, ಅವನೀಗ ದೊಡ್ಡವನು. ಇಂಥವರಿಗಾಗಿಯೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೂ ಅವನ ಹೆಸರು ನೋಂದಾಯಿಸಿ.